ಎಡಗಡೆ ಬಿಸಿ, ಬಲಗಡೆ ತಣ್ಣಗೆ: ಮೈನಸ್ 31ರಲ್ಲಿ ಕೈಕೊಟ್ಟ ಕಾರಿನ ಹೀಟರ್

ಎಡ್ಮಂಟನ್ ಧಾರವಾಡಿ · ಶನಿವಾರ, ಬೆಳಿಗ್ಗೆ 8:20

ಎಲ್ಲರಿಗೂ ನಮಸ್ಕಾರ. ಕಾರಿನ ಹೀಟರ್ ವಿಷಯಕ್ಕೆ ಸಹಾಯ ಬೇಕು. ಸ್ವಲ್ಪ ಅವಸರವೂ ಇದೆ.

2014ರ ಸೆಡಾನ್, 2.5 ಲೀಟರ್ ಪೆಟ್ರೋಲ್ ಎಂಜಿನ್, ಓಡಿದ್ದು 1,38,000 ಕಿ.ಮೀ. ಹೋದ ಆಗಸ್ಟ್‌ನಲ್ಲಿ ವ್ಯಾಂಕೂವರ್ ಕಡೆಯಿಂದ ಇಲ್ಲಿಗೆ ಬಂದವರೊಬ್ಬರಿಂದ ಕೊಂಡೆ. ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇದೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಟೆಂಪರೇಚರ್ ಇಡಬಹುದು. ನವೆಂಬರ್‌ವರೆಗೆ ಏನೂ ತೊಂದರೆ ಇರಲಿಲ್ಲ. ಹೋದ ವಾರ ಮೈನಸ್ 25ರ ಕೆಳಗೆ ಇಳಿಯಿತು ನೋಡಿ, ಅಲ್ಲಿಂದ ಶುರು. ನನ್ನ ಕಡೆ, ಅಂದರೆ ಎಡಗಡೆ, ಬೆಚ್ಚಗಿನ ಗಾಳಿ ಬರುತ್ತದೆ. ಬಲಗಡೆ ತಣ್ಣನೆ ಗಾಳಿ. ಎರಡೂ ಕಡೆ 22 ಇಟ್ಟಿದ್ದೇನೆ. ಬ್ಲೋವರ್ ತಾನೇ ಫುಲ್ ಸ್ಪೀಡಿಗೆ ಹೋಗಿ ಜೋರಾಗಿ ಸದ್ದು ಮಾಡುತ್ತದೆ, ಬಿಸಿ ಮಾತ್ರ ಇಲ್ಲ. ಎಂಜಿನ್ ಟೆಂಪರೇಚರ್ ಮುಳ್ಳು ಸರಿಯಾಗಿ ಮಧ್ಯದಲ್ಲೇ ನಿಂತಿರುತ್ತದೆ.

ಇಲ್ಲಿನ ಒಂದು ಗ್ಯಾರೇಜಿನಲ್ಲಿ ಹತ್ತು ನಿಮಿಷ ನೋಡಿದರು. ಬಲಗಡೆಯ ಆ್ಯಕ್ಚುಯೇಟರ್ (ಹೀಟರ್ ಒಳಗೆ ಬಿಸಿ, ತಣ್ಣನೆ ಗಾಳಿ ಬೆರೆಸುವ ಬಾಗಿಲು ತಿರುಗಿಸುವ ಮೋಟಾರು) ಹೋಗಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು, 1,400 ಡಾಲರ್ ಆಗುತ್ತದೆ ಎಂದರು. ದುಡ್ಡು ಹೇಗಾದರೂ ಹೊಂದಿಸಬಹುದು. ಆದರೆ ಅಷ್ಟು ಕೊಟ್ಟ ಮೇಲೂ ಸರಿಹೋಗದಿದ್ದರೆ ಏನು ಮಾಡುವುದು?

ಮಗಳಿಗೆ ನಾಲ್ಕು ವರ್ಷ. ಹಿಂದೆ ಬಲಗಡೆ ಅವಳ ಸೀಟು. ಮಕ್ಕಳ ಸೀಟಿನ ಬೆಲ್ಟ್ ಒಳಗೆ ದಪ್ಪ ಜಾಕೆಟ್ ಇರಬಾರದು ಅಲ್ವಾ, ಅಪಘಾತವಾದರೆ ಬೆಲ್ಟ್ ಸಡಿಲವಾಗುತ್ತದೆ. ಹಾಗಾಗಿ ಜಾಕೆಟ್ ತೆಗೆದು, ಬೆಲ್ಟ್ ಕಟ್ಟಿ, ಮೇಲೆ ಕಂಬಳಿ ಹೊದಿಸುತ್ತೇವೆ. ಡೇಕೇರ್‌ಗೆ 35 ನಿಮಿಷದ ದಾರಿ. ನಿನ್ನೆ ಬೆಳಿಗ್ಗೆ ಮೈನಸ್ 31 ಇತ್ತು. ಇಳಿಸುವಾಗ ಅವಳ ಕಾಲ್ಬೆರಳು ಮುಟ್ಟಿ ನೋಡಿದೆ, ಮಂಜುಗಡ್ಡೆ ಹಾಗಿತ್ತು. ಯಾರಿಗಾದರೂ ಇಂಥದ್ದು ಆಗಿದ್ದರೆ ದಯವಿಟ್ಟು ಹೇಳಿ.

ಹತ್ತು ಎಂಎಂ ಸ್ಪ್ಯಾನರ್ · ಶನಿವಾರ, ಬೆಳಿಗ್ಗೆ 9:05

ನಮಸ್ಕಾರ ಧಾರವಾಡಿ ಸರ್. ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿತವನು, 11 ವರ್ಷದಿಂದ ಮಿಸಿಸಾಗಾದಲ್ಲಿ ಮೆಕ್ಯಾನಿಕ್. ಡ್ಯಾಶ್‌ಬೋರ್ಡಿಗೆ ಕೈ ಹಾಕಲು ಈಗಲೇ ಒಪ್ಪಬೇಡಿ. ಆ್ಯಕ್ಚುಯೇಟರ್ ಹೋಗಿರಲೂಬಹುದು, ಇಲ್ಲ ಎನ್ನುತ್ತಿಲ್ಲ. ಆದರೆ ಹತ್ತು ನಿಮಿಷದಲ್ಲಿ ಅದನ್ನು ಹೇಳಲು ಬರುವುದಿಲ್ಲ.

ಮೊದಲು ಇದಿಷ್ಟು ಮಾಡಿ. ಕಾರು 20 ನಿಮಿಷ ಓಡಿಸಿ, ಎಂಜಿನ್ ಪೂರ್ತಿ ಬಿಸಿಯಾಗಲಿ. ಆಮೇಲೆ ಎರಡೂ ಕಡೆಯ ಟೆಂಪರೇಚರ್ ಮೇಲೇರಿಸುತ್ತಾ ಹೋಗಿ, ಕೊನೆಗೆ ನಂಬರ್ ಹೋಗಿ 'ಹೈ' ಎಂದು ಬರುತ್ತದಲ್ಲ, ಅಲ್ಲಿ ಬಿಡಿ. ಇದು ಯಾಕೆ ಎಂದರೆ, 22 ಅಂತ ಇಟ್ಟಾಗ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಳಗೆ ಎಷ್ಟು ಬಿಸಿ ಇದೆ, ಹೊರಗೆ ಎಷ್ಟು ಚಳಿ, ಬಿಸಿಲು ಬೀಳುತ್ತಿದೆಯಾ, ಎಲ್ಲ ಸೆನ್ಸರ್ ಕೇಳಿ ಗಾಳಿ ಬೆರೆಸುವ ಬಾಗಿಲನ್ನು ಇಷ್ಟಿಷ್ಟೇ ತಿರುಗಿಸುತ್ತದೆ. 'ಹೈ' ಇಟ್ಟರೆ ಹೆಚ್ಚಿನ ಕಾರುಗಳಲ್ಲಿ ಆ ಲೆಕ್ಕವೆಲ್ಲ ಬದಿಗೆ ಹೋಗುತ್ತದೆ. ಬಾಗಿಲು ಪೂರ್ತಿ ಬಿಸಿ ಕಡೆಗೆ ತಿರುಗಿ ನಿಲ್ಲುತ್ತದೆ. ಅಂದರೆ 22ರಲ್ಲಿ ತಣ್ಣಗಿದ್ದು 'ಹೈ'ನಲ್ಲಿ ಚೆನ್ನಾಗಿ ಬಿಸಿ ಬಂದರೆ ಸೆನ್ಸರ್ ಕಡೆ ನೋಡಬೇಕು. 'ಹೈ'ನಲ್ಲೂ ತಣ್ಣಗಿದ್ದರೆ ಎಂಜಿನ್ನಿನ ಬಿಸಿ ನೀರು ಹೀಟರ್‌ಗೆ ಬರುತ್ತಿಲ್ಲ, ಇಲ್ಲವೇ ಬಾಗಿಲು ತಿರುಗುತ್ತಿಲ್ಲ.

ಇನ್ನು ಮೂರು ಪ್ರಶ್ನೆ. ನಿಂತಾಗ ತಣ್ಣಗಿದ್ದು, ಆಕ್ಸಿಲರೇಟರ್ ಒತ್ತಿದರೆ ಬಿಸಿ ಜಾಸ್ತಿಯಾಗುತ್ತದಾ? ಡ್ಯಾಶ್‌ಬೋರ್ಡ್ ಹಿಂದೆ ನೀರು ಗುಳುಗುಳು ಅನ್ನುವ ಸದ್ದು ಇದೆಯಾ? ಟೆಂಪರೇಚರ್ ಬದಲಾಯಿಸುವಾಗ ಟಕ್ ಟಕ್ ಟಕ್ ಎಂದು ಪ್ಲಾಸ್ಟಿಕ್ ಹಲ್ಲು ಜಾರುವ ಸದ್ದು ಬರುತ್ತದಾ?

ಮಿನೆಸೋಟದ ಮಲೆನಾಡು · ಶನಿವಾರ, ಬೆಳಿಗ್ಗೆ 9:50

ಸ್ಪ್ಯಾನರ್ ಅಣ್ಣ ಹೇಳಿದ 'ಹೈ' ಪರೀಕ್ಷೆ ನಮ್ಮ ಮನೆಯ ಕಾರನ್ನು ಉಳಿಸಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎರಡು ವರ್ಷದ ಹಿಂದಿನ ಕತೆ. ಇಲ್ಲಿ ಫ್ಯಾರನ್‌ಹೀಟ್ ಲೆಕ್ಕ, 72 ಇಟ್ಟರೆ ಮೊದಲ ಹತ್ತು ನಿಮಿಷ ಚೆನ್ನಾಗಿ ಬಿಸಿ ಬಂದು ಆಮೇಲೆ ತಣ್ಣಗಾಗುತ್ತಿತ್ತು. 'ಹೈ' ಇಟ್ಟರೆ ಸುಡುವಷ್ಟು ಬಿಸಿ. ಕಾರಣ ಏನಿತ್ತು ಗೊತ್ತಾ? ಸ್ಟಿಯರಿಂಗ್ ಪಕ್ಕದಲ್ಲಿ ಅಂಚೆ ಚೀಟಿಯಷ್ಟು ಚಿಕ್ಕ ಜಾಲರಿ ಇರುತ್ತದೆ. ಅದರ ಹಿಂದೆ ಕಾರಿನೊಳಗಿನ ಬಿಸಿ ಅಳೆಯುವ ಸೆನ್ಸರ್. ಒಂದು ಸಣ್ಣ ಪೈಪು ಒಳಗಿನ ಗಾಳಿಯನ್ನು ಅದರ ಮೇಲೆ ಎಳೆಯುತ್ತಿರಬೇಕು. ನಮ್ಮ ಕಾರಿನಲ್ಲಿ ಆ ಪೈಪು ಕಳಚಿಕೊಂಡಿತ್ತು, ಜಾಲರಿ ತುಂಬಾ ಧೂಳು. ಗಾಳಿ ಆಡದೆ ಸೆನ್ಸರ್‌ಗೆ ಡ್ಯಾಶ್‌ಬೋರ್ಡ್ ಒಳಗಿನ ಬಿಸಿ ಮಾತ್ರ ತಾಗುತ್ತಿತ್ತು. ಕಾರಿನೊಳಗೆ ಬೆಚ್ಚಗಾಗಿದೆ ಎಂದುಕೊಂಡು ಅದು ಹೀಟರ್ ಕಡಿಮೆ ಮಾಡುತ್ತಿತ್ತು. ನಾವೋ ಹಿಂದೆ ಕೂತು ನಡುಗುತ್ತಿದ್ದೆವು.

ಪೈಪು ಸಿಕ್ಕಿಸಿ, ಜಾಲರಿಗೆ ವ್ಯಾಕ್ಯೂಮ್ ಹಿಡಿದೆವು, ಅಷ್ಟೇ. ಜಾಲರಿ ಎಲ್ಲಿದೆ ಎಂದು ಹುಡುಕಲು ಒಂದು ಉಪಾಯ: ಟಿಶ್ಯೂ ಪೇಪರಿನ ಸಣ್ಣ ಚೂರು ಹತ್ತಿರ ಹಿಡಿಯಿರಿ. ಬ್ಲೋವರ್ ಓಡುವಾಗ ಅದು ಜಾಲರಿಗೆ ಮೆಲ್ಲಗೆ ಅಂಟಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಪೈಪಿನ ಬದಲು ಪುಟ್ಟ ಫ್ಯಾನ್ ಇರುತ್ತದೆ, ಆದರೂ ಪರೀಕ್ಷೆ ಇದೇ.

ಮಗುವಿನ ಕಾಲಿಗೆ ಸದ್ಯಕ್ಕೆ ಉಣ್ಣೆಯ ಎರಡು ಸಾಕ್ಸ್ ಹಾಕಿ, ಶೂ ಮಾತ್ರ ಬಿಗಿಯಾಗದಿರಲಿ. ಬಿಗಿಯಾದರೆ ಇನ್ನೂ ತಣ್ಣಗಾಗುತ್ತದೆ.

ಕ್ಯಾಲ್ಗರಿ ಕಾಫಿತೋಟ · ಶನಿವಾರ, ಬೆಳಿಗ್ಗೆ 11:15

ನನ್ನ ಅನುಭವದಲ್ಲಿ ಇಂಥ ಚಳಿಯಲ್ಲಿ ಹೀಟರ್ ಬಿಸಿ ಬರಲಿಲ್ಲವೆಂದರೆ ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್ ಕಡೆಗೆ ನೀರು ಬಿಡದ ಕವಾಟ) ನೋಡಬೇಕು. ಹೋದ ವರ್ಷ ಕ್ಯಾಲ್ಗರಿಯಿಂದ ಎಡ್ಮಂಟನ್‌ಗೆ ಬರುವಾಗ ಊರೊಳಗೆ ಹೀಟರ್ ಚೆನ್ನಾಗಿತ್ತು. ಹೈವೇ ಹತ್ತಿ ರೆಡ್ ಡೀರ್ ಸಮೀಪಿಸುವ ಹೊತ್ತಿಗೆ ಮುಳ್ಳು ಕಾಲು ಭಾಗಕ್ಕೆ ಇಳಿದು, ಕಾಲಿಗೆ ತಣ್ಣನೆ ಗಾಳಿ. ಥರ್ಮೋಸ್ಟಾಟ್ ತೆರೆದೇ ನಿಂತುಬಿಟ್ಟಿತ್ತು. 110ರಲ್ಲಿ ಓಡುವಾಗ ಎದುರುಗಾಳಿ ರೇಡಿಯೇಟರನ್ನು ಎಷ್ಟು ತಣ್ಣಗೆ ಮಾಡುತ್ತದೆಂದರೆ ಎಂಜಿನ್ ಬಿಸಿ ಉಳಿಸಿಕೊಳ್ಳಲಾಗುವುದಿಲ್ಲ. ಸ್ಕ್ಯಾನರ್ ಹಾಕಿದರೆ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಎಂಬ ಕೋಡ್ ಬಂದಿತ್ತು. ರೇಡಿಯೇಟರ್ ಮುಂದೆ ರಟ್ಟು ಸಿಕ್ಕಿಸಿಕೊಂಡು ಊರು ಸೇರಿದೆ. ಧಾರವಾಡಿ ಅವರೇ, ನೀವೂ ರಟ್ಟು ಇಟ್ಟು ನೋಡಿ.

ಹತ್ತು ಎಂಎಂ ಸ್ಪ್ಯಾನರ್ · ಶನಿವಾರ, ಬೆಳಿಗ್ಗೆ 11:40

ಕಾಫಿತೋಟ ಅವರ ಕಾರಿಗೆ ಅದು ಸರಿ. ಇವರ ಕಾರಿನಲ್ಲಿ ಒಂದು ಕಡೆ ಬಿಸಿ ಇದೆ, ಇನ್ನೊಂದು ಕಡೆ ಇಲ್ಲ. ಥರ್ಮೋಸ್ಟಾಟ್ ಹೋದರೆ ಎರಡೂ ಕಡೆ ತಣ್ಣಗಾಗುತ್ತದೆ. ಮುಳ್ಳೂ ಇಳಿಯಬೇಕಿತ್ತು. ಹಾಗಂತ ಮುಳ್ಳನ್ನು ಪೂರ್ತಿ ನಂಬಲೂಬಾರದು. ಈಗಿನ ಕಾರುಗಳಲ್ಲಿ ಕೂಲೆಂಟ್ (ಎಂಜಿನ್ನಿನ ಬಿಸಿ ಹೊತ್ತು ಸುತ್ತುವ ದ್ರವ) ಬಿಸಿ ಸಾಕಷ್ಟು ಏರಿಳಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅಗ್ಗದ ಸ್ಕ್ಯಾನರ್ ಸಿಕ್ಕಿಸಿ ನಿಜವಾದ ನಂಬರ್ ನೋಡುವುದು ಒಳ್ಳೆಯದು.

ರಟ್ಟಿನ ವಿಷಯ ನನಗೆ ಒಪ್ಪಿಗೆ ಇಲ್ಲ. ದಾರಿ ಮಧ್ಯೆ ಸಿಕ್ಕಿಕೊಂಡಾಗ ಮಾಡಿದಿರಿ, ಸರಿ. ಆದರೆ ಪೂರ್ತಿ ಮುಚ್ಚಿ ಅದನ್ನು ಮರೆತು ಬಿಸಿಲು ಬಂದ ದಿನ ಎಂಜಿನ್ ಕಾಯಿಸಿಕೊಂಡವರನ್ನು ನೋಡಿದ್ದೇನೆ.

ಎಡ್ಮಂಟನ್ ಧಾರವಾಡಿ · ಶನಿವಾರ, ಮಧ್ಯಾಹ್ನ 2:30

ಎಲ್ಲರಿಗೂ ಧನ್ಯವಾದ. ಹೇಳಿದ್ದೆಲ್ಲ ಮಾಡಿ ಬಂದೆ.

'ಹೈ' ಇಟ್ಟೆ. ಎಡಗಡೆ ಸ್ವಲ್ಪ ಜಾಸ್ತಿ ಬಿಸಿಯಾಯಿತು, ಬಲಗಡೆ ಹಾಗೇ ತಣ್ಣಗೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿಗೆ ಹಿಡಿದಾಗ ಬಲಗಡೆ ಉಗುರುಬೆಚ್ಚಗೆ ಬಂತು! ಬಿಟ್ಟ ಕೂಡಲೇ ಮತ್ತೆ ತಣ್ಣಗಾಯಿತು. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ನೀರು ಹರಿಯುವ ಸದ್ದು ಇದೆ. ಇಷ್ಟು ದಿನ ಅದನ್ನು ನಾನು ಕಾರಿನ ಬಾಗಿಲಿಗೆ ಅಂಟಿದ ಹಿಮ ಕರಗುವ ಸದ್ದು ಅಂದುಕೊಂಡಿದ್ದೆ. ಟಕ್ ಟಕ್ ಸದ್ದು ಇಲ್ಲ. ಹೊರಗಿನ ಟೆಂಪರೇಚರ್ ಡ್ಯಾಶ್‌ಬೋರ್ಡಿನಲ್ಲೂ ಫೋನಿನಲ್ಲೂ ಒಂದೇ ಇದೆ.

ಹತ್ತು ಎಂಎಂ ಸ್ಪ್ಯಾನರ್ · ಶನಿವಾರ, ಮಧ್ಯಾಹ್ನ 3:10

ಸರ್, ಆಕ್ಸಿಲರೇಟರ್ ಒತ್ತಿದಾಗ ಬಲಗಡೆ ಬೆಚ್ಚಗಾಯಿತು ಎಂದಿರಲ್ಲ, ಅದೇ ಉತ್ತರ. ಆ್ಯಕ್ಚುಯೇಟರ್ ಎಂದರೆ ಬಾಗಿಲು ತಿರುಗಿಸುವ ಪುಟ್ಟ ಮೋಟಾರು. ಎಂಜಿನ್ ಜೋರಾಗಿ ತಿರುಗಿದರೆ ಅದಕ್ಕೇನೂ ವ್ಯತ್ಯಾಸ ಆಗುವುದಿಲ್ಲ. ವ್ಯತ್ಯಾಸ ಆಗುವುದು ವಾಟರ್ ಪಂಪಿಗೆ. ಅದು ಜೋರಾಗಿ ತಿರುಗಿ ಜಾಸ್ತಿ ಕೂಲೆಂಟ್ ತಳ್ಳಿದಾಗ ಮಾತ್ರ ನಿಮ್ಮ ಬಲಗಡೆಗೆ ಬಿಸಿ ತಲುಪುತ್ತಿದೆ.

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಗ್ಯಾರೇಜಿನಲ್ಲಿ ಮಾತಾಡುವಾಗ ನಿಮಗೇ ಅನುಕೂಲ. ಡ್ಯಾಶ್‌ಬೋರ್ಡ್ ಒಳಗೆ ಹೀಟರ್ ಕೋರ್ ಎಂದು ಪುಸ್ತಕದ ಗಾತ್ರದ ಚಿಕ್ಕ ರೇಡಿಯೇಟರ್ ಇದೆ. ಎಡ ಬಲ ಎರಡಕ್ಕೂ ಇರುವುದು ಅದೊಂದೇ. ಎರಡು ಟೆಂಪರೇಚರ್ ಇಡಬಹುದು ಎಂದ ಮಾತ್ರಕ್ಕೆ ಎರಡು ಹೀಟರ್ ಇಲ್ಲ, ಗಾಳಿ ಬೆರೆಸುವ ಬಾಗಿಲು ಮಾತ್ರ ಎರಡು. ಎಂಜಿನ್ನಿನ ಬಿಸಿ ಕೂಲೆಂಟ್ ಕೋರ್‌ನ ಒಂದು ತುದಿಯಿಂದ ಒಳಗೆ ಹೋಗಿ ಎಲ್ಲ ಸಣ್ಣ ನಾಳಗಳಲ್ಲಿ ಹರಿದು ಹೊರಗೆ ಬರುತ್ತದೆ. ಹರಿವು ಚೆನ್ನಾಗಿದ್ದರೆ ಕೋರ್ ಪೂರ್ತಿ ಬಿಸಿ. ನಾಳ ಕಟ್ಟಿಕೊಂಡರೆ, ಕೂಲೆಂಟ್ ಕಡಿಮೆಯಾದರೆ, ಒಳಗೆ ಗಾಳಿ ಸೇರಿಕೊಂಡರೆ, ಬಿಸಿ ಕೂಲೆಂಟ್ ಒಂದು ತುದಿಯಲ್ಲೇ ತನ್ನ ಬಿಸಿಯನ್ನೆಲ್ಲ ಕೊಟ್ಟುಬಿಡುತ್ತದೆ. ಆಚೆ ತುದಿಗೆ ಏನೂ ಉಳಿಯುವುದಿಲ್ಲ. ಆಗ ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ. ಯಾವ ಕಡೆ ತಣ್ಣಗಾಗುತ್ತದೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ನೋಡಲು ಥೇಟ್ ಆ್ಯಕ್ಚುಯೇಟರ್ ಹೋದ ಹಾಗೇ ಇರುತ್ತದೆ. ಅದಕ್ಕೇ ಎಷ್ಟೋ ಜನ ಸುಮ್ನೆ ಡ್ಯಾಶ್‌ಬೋರ್ಡ್ ಬಿಚ್ಚಿಸಿಕೊಂಡಿದ್ದಾರೆ.

ನವೆಂಬರ್‌ನಲ್ಲಿ ಯಾಕೆ ಗೊತ್ತಾಗಲಿಲ್ಲ ಎಂದರೆ, ಆಟೋಮ್ಯಾಟಿಕ್ ಇದ್ದದ್ದರಿಂದ. ಕೈಯಲ್ಲಿ ತಿರುಗಿಸುವ ಹಳೇ ಹೀಟರ್ ಆಗಿದ್ದರೆ ಅಕ್ಟೋಬರ್‌ನಲ್ಲೇ ನಿಮಗೆ ಅನುಮಾನ ಬರುತ್ತಿತ್ತು. ಇದು ಬಿಸಿ ಕಡಿಮೆಯಾದ ಹಾಗೆ ತಾನೇ ಬಾಗಿಲು ಇನ್ನಷ್ಟು ತೆರೆದು, ಬ್ಲೋವರ್ ಜಾಸ್ತಿ ಮಾಡಿ 22ಕ್ಕೆ ತಂದುಕೊಡುತ್ತಿತ್ತು. ಮೈನಸ್ 25 ಆದಾಗ ಅದರ ಕೈಯಲ್ಲೂ ಏನೂ ಉಳಿಯಲಿಲ್ಲ.

ಈಗ ಒಂದು ಕೆಲಸ. ಬಾನೆಟ್ ತೆಗೆದರೆ ಎಂಜಿನ್ ಹಿಂದಿನ ಗೋಡೆಯೊಳಗೆ ಹೋಗುವ ಹೆಬ್ಬೆರಳು ದಪ್ಪದ ಎರಡು ರಬ್ಬರ್ ಹೋಸ್ ಪಕ್ಕಪಕ್ಕದಲ್ಲಿ ಕಾಣುತ್ತವೆ. ಎಂಜಿನ್ ಬಿಸಿ ಇದ್ದಾಗ, 'ಹೈ'ನಲ್ಲಿಟ್ಟು, ಎರಡನ್ನೂ ಹುಷಾರಾಗಿ ಮುಟ್ಟಿ. ತೋಳು, ಸ್ಕಾರ್ಫ್ ಎಂಜಿನ್ನಿನ ತಿರುಗುವ ಬೆಲ್ಟ್‌ ಹತ್ತಿರ ಹೋಗದಿರಲಿ. ಎರಡೂ ಸುಡುತ್ತಿದ್ದರೆ ಕೋರ್ ಸರಿ ಇದೆ, ಬಾಗಿಲು ನೋಡೋಣ. ಒಂದು ಸುಡುತ್ತಾ ಇನ್ನೊಂದು ಉಗುರುಬೆಚ್ಚಗಿದ್ದರೆ ಹರಿವಿಲ್ಲ.

ನಾಳೆ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳವನ್ನೇ ತೆಗೆದು ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಗೆರೆ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದುಂಟು. ಬಿಸಿ ಇರುವಾಗ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ.

ಜಯನಗರ ನಾಲ್ಕನೇ ಬ್ಲಾಕ್ · ಶನಿವಾರ, ಸಂಜೆ 5:00 (ಇಲ್ಲಿ ಭಾನುವಾರ ಬೆಳಗಿನ ಜಾವ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೆಂಗಳೂರಿನಲ್ಲಿ ಹೀಟರ್ ಬಟನ್ ಮುಟ್ಟಿದ್ದೇ ಕಡಿಮೆ. ಫೆಬ್ರವರಿಯಲ್ಲಿ ಶಿಮ್ಲಾ, ಕಿನ್ನೌರ್ ಮೂಲಕ ಸ್ಪಿತಿಗೆ ಹೋಗುವ ಆಸೆ, ಸ್ವಂತ ಡೀಸೆಲ್ ಗಾಡಿಯಲ್ಲಿ. ನಮ್ಮ ಗಾಡಿಗೂ ಇವೆಲ್ಲ ಅನ್ವಯಿಸುತ್ತವಾ? ಇನ್ನೊಂದು, ಮಳೆಗಾಲದಲ್ಲಿ ಮಡಿಕೇರಿ ಘಾಟಿ ಹತ್ತುವಾಗ ಆಟೋದಲ್ಲಿಟ್ಟರೂ ಮುಂದಿನ ಗಾಜು ಮಬ್ಬಾಗುತ್ತದೆ.

ಹತ್ತು ಎಂಎಂ ಸ್ಪ್ಯಾನರ್ · ಶನಿವಾರ, ಸಂಜೆ 5:45

ಅನ್ವಯಿಸುತ್ತದೆ ಸರ್, ನಿಮಗೇ ಜಾಸ್ತಿ. ನಮ್ಮ ಕಡೆ ಕೂಲೆಂಟ್ ಕಡಿಮೆಯಾದರೆ ಬಾಟಲಿಯಲ್ಲಿ ಇರುವ ನೀರನ್ನೇ ಸುರಿಯುವುದು ರೂಢಿ. ಹುಬ್ಬಳ್ಳಿಯಲ್ಲಿ ನಾನೇ ಎಷ್ಟೋ ಗಾಡಿಗೆ ನಲ್ಲಿ ನೀರು ಹಾಕಿದ್ದೇನೆ, ಆಗ ಅಷ್ಟೇ ಗೊತ್ತಿದ್ದದ್ದು. ಊರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಸ್ಪಿತಿಯ ಕಾಜಾದಲ್ಲಿ ರಾತ್ರಿ ಮೈನಸ್ 20ಕ್ಕೆ ಇಳಿದರೆ ಎಂಜಿನ್ ಬ್ಲಾಕೇ ಸೀಳಬಹುದು. ಹೊರಡುವ ಮೊದಲು ಕೂಲೆಂಟ್ ಪೂರ್ತಿ ಬದಲಾಯಿಸಿ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಇರಲಿ. ಡೀಸೆಲ್ ಎಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಎಂಜಿನ್ ತಣ್ಣಗಿರುವಾಗ ಆಟೋದಲ್ಲಿ ಬ್ಲೋವರ್ ಮೆಲ್ಲಗೇ ಓಡುತ್ತದೆ, ಅದು ದೋಷವಲ್ಲ. ತಣ್ಣನೆ ಗಾಳಿ ಮುಖಕ್ಕೆ ಹೊಡೆಯಬಾರದೆಂದು ಕಂಪ್ಯೂಟರ್ ಕಾಯುತ್ತಿರುತ್ತದೆ.

ಮಡಿಕೇರಿಯ ಮಬ್ಬಿಗೆ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಆಫ್ ಮಾಡಿ, ಮುಂದಿನ ಗಾಜಿನ ಬಟನ್ ಒತ್ತಿ, ಏಸಿ ಆನ್ ಇರಲಿ, ಟೆಂಪರೇಚರ್ ಏರಿಸಿ. ಏಸಿ ತೇವ ತೆಗೆಯುತ್ತದೆ, ಹೀಟರ್ ಗಾಜು ಒಣಗಿಸುತ್ತದೆ. ಎರಡೂ ಒಟ್ಟಿಗೆ ಬೇಕು.

ಎಡ್ಮಂಟನ್ ಧಾರವಾಡಿ · ಭಾನುವಾರ, ಬೆಳಿಗ್ಗೆ 10:10

ಅಣ್ಣ, ನೀವು ಹೇಳಿದ ಹಾಗೇ ಆಯಿತು.

ನಿನ್ನೆ ಸಂಜೆ ಹೋಸ್ ಮುಟ್ಟಿದೆ. ಒಂದನ್ನು ಎರಡು ಸೆಕೆಂಡ್ ಹಿಡಿಯಲಾಗಲಿಲ್ಲ. ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದೇ ನಿಂತೆ, ಸುಮ್ನೆ ಬೆಚ್ಚಗಿತ್ತು. ಪಕ್ಕದ ಮನೆಯವರ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು. ಒಳಗೆ ಹೋಗುವ ಹೋಸ್ 84, ಹೊರಬರುವುದು 38.

ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದೆ. ಡಬ್ಬಿಯಲ್ಲಿ ಗೆರೆವರೆಗೆ ಇದೆ, ರೇಡಿಯೇಟರ್‌ನಲ್ಲಿ ಬೆರಳು ಇಳಿಬಿಟ್ಟರೂ ಸಿಗಲಿಲ್ಲ. ಮುಚ್ಚಳದ ಒಳಗೆ ಇಟ್ಟಿಗೆ ಬಣ್ಣದ ಜಿಗುಟು. ಚೂರು ಹೊರಗೆಳೆದು, ಎಷ್ಟು ಚಳಿಗೆ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಹೈಡ್ರೋಮೀಟರಲ್ಲಿ ನೋಡಿದೆ, ಮೈನಸ್ 18 ತೋರಿಸಿತು. ಹೊರಗೆ ಮೈನಸ್ 27! ಮಾರಿದವರಿಗೆ ಫೋನ್ ಮಾಡಿದೆ. ಬೇಸಿಗೆಯಲ್ಲಿ ಎರಡು ಮೂರು ಸಲ ನೀರು ಹಾಕಿದ್ದು ನಿಜ, ಅಲ್ಲಿ ಅಷ್ಟು ಚಳಿ ಇಲ್ಲ, ಯೋಚಿಸಲಿಲ್ಲ ಎಂದರು. ಪಾಪ, ಅವರ ಮೇಲೆ ಸಿಟ್ಟಿಲ್ಲ.

ಎಂಜಿನ್‌ಗೆ ಏನಾದರೂ ಆಗಿರಬಹುದಾ? ಭಯವಾಗುತ್ತಿದೆ.

ಹತ್ತು ಎಂಎಂ ಸ್ಪ್ಯಾನರ್ · ಭಾನುವಾರ, ಬೆಳಿಗ್ಗೆ 10:30

ರಾತ್ರಿ ಬ್ಲಾಕ್ ಹೀಟರ್, ಅಂದರೆ ನಿಂತ ಎಂಜಿನ್ ಬೆಚ್ಚಗಿಡುವ ಕರೆಂಟ್ ಹೀಟರ್, ಪ್ಲಗ್ ಹಾಕುತ್ತಿದ್ದಿರಾ?

ಎಡ್ಮಂಟನ್ ಧಾರವಾಡಿ · ಭಾನುವಾರ, ಬೆಳಿಗ್ಗೆ 10:32

ಹೌದು. ಟೈಮರ್ ಇಟ್ಟಿದ್ದೇನೆ, ದಿನಾ ಬೆಳಗಿನ ಜಾವ ನಾಲ್ಕು ಗಂಟೆ ಕಾಲ ಓಡುತ್ತದೆ.

ಹತ್ತು ಎಂಎಂ ಸ್ಪ್ಯಾನರ್ · ಭಾನುವಾರ, ಬೆಳಿಗ್ಗೆ 11:00

ಹಾಗಾದರೆ ಧೈರ್ಯವಾಗಿರಿ. ಅದು ದೊಡ್ಡ ಉಪಕಾರ ಮಾಡಿದೆ. ಇಷ್ಟು ಗ್ಲೈಕಾಲ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇರುವ ಕೂಲೆಂಟ್ ಮೈನಸ್ 18ಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗುವುದಿಲ್ಲ, ಮೊದಲು ಗಂಜಿಯ ಹಾಗಾಗುತ್ತದೆ. ಆದರೂ ಇವತ್ತೇ ಸರಿಮಾಡಿ, ನಾಳೆಗೆ ಬೇಡ.

ಯಾರದ್ದಾದರೂ ಬಿಸಿ ಇರುವ ಗ್ಯಾರೇಜ್ ಬೇಕು. ರೇಡಿಯೇಟರ್ ಕೆಳಗಿನ ತಿರುಪು ಬಿಚ್ಚಿ ಇಳಿಸಿ, ಎಷ್ಟು ಲೀಟರ್ ಬಂತು ಅಳೆಯಿರಿ. ಆಮೇಲೆ ಆ ಎರಡು ಹೋಸ್ ಕಳಚಿ, ಹೊರಬರುವ ಕಡೆಯಿಂದ ಉಲ್ಟಾ ನೀರು ಬಿಡಿ. ಜೋರು ಪ್ರೆಷರ್ ಬೇಡವೇ ಬೇಡ. ಕೋರ್ ತೆಳು ಅಲ್ಯೂಮಿನಿಯಂ, ಒಡೆದರೆ ಆಗ ನಿಜವಾಗಿಯೂ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಕೊನೆಯ ಸಲ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ.

ತುಂಬುವ ಲೆಕ್ಕ ಗಮನವಿಟ್ಟು ಮಾಡಿ. ನಿಮ್ಮ ಕಾರಿಗೆ ಒಟ್ಟು 7 ಲೀಟರ್ ಎಂದಿಟ್ಟುಕೊಳ್ಳಿ, ಮ್ಯಾನ್ಯುಯಲ್‌ನಲ್ಲಿ ನೋಡಿ. ಎಂಜಿನ್ ಒಳಗೆ 3 ಲೀಟರ್ ಉಳಿದರೆ ಅದರಲ್ಲಿ ನೀರು ಬಿಟ್ಟು ಅಸಲಿ ಕೂಲೆಂಟ್ ಇರುವುದು (ಮೈನಸ್ 18 ತೋರಿಸಿತು ಎಂದರೆ ಅಷ್ಟೇ) ಮೂರನೇ ಒಂದು ಪಾಲು, ಸುಮಾರು 1 ಲೀಟರ್. ಎಡ್ಮಂಟನ್‌ಗೆ ನೂರಕ್ಕೆ 60 ಬೇಕು, ಅಂದರೆ 4.2 ಲೀಟರ್. ಹಾಗಾಗಿ ನೀರು ಬೆರೆಸದ ಕೂಲೆಂಟ್ 3.2 ಲೀಟರ್ ಮೊದಲು ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಅರ್ಧಕ್ಕರ್ಧ ಇದ್ದರೆ ಮೈನಸ್ 37ರವರೆಗೆ ತಡೆಯುತ್ತದೆ, 60 ಇದ್ದರೆ ಮೈನಸ್ 50 ದಾಟುತ್ತದೆ. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎಂದು 100ಕ್ಕೆ 100 ಹಾಕುವವರಿದ್ದಾರೆ. ಅದು ತಪ್ಪು. ನೀರೇ ಇಲ್ಲದ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಬಗೆಯದ್ದೇ ಬೇಕು.

ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತರದಲ್ಲಿರಲಿ. ಎಂಜಿನ್ ಓಡಿಸುವಾಗ ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದು, ಹೊಗೆ ಪೈಪು ಹೊರಗಿರುವ ಹಾಗೆ ನಿಲ್ಲಿಸಿ. ಎಷ್ಟೇ ಚಳಿ ಇದ್ದರೂ ಬಾಗಿಲು ಹಾಕಬೇಡಿ.

ಓಸ್ಲೋ ಉಡುಪಿ · ಭಾನುವಾರ, ಮಧ್ಯಾಹ್ನ 12:20

ಓದುತ್ತಾ ಊರಿನ ಗ್ಯಾರೇಜ್ ನೆನಪಾಯಿತು. ಇಲ್ಲಿ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್, ನಮ್ಮದೂ ಅದೇ. ಎಂಜಿನ್ ಇಲ್ಲದ್ದರಿಂದ ಪುಕ್ಕಟೆ ಬಿಸಿ ಇಲ್ಲ, ಬಿಸಿಗೆಲ್ಲ ಬ್ಯಾಟರಿಯೇ ಗತಿ. ಹೊರಗಿನ ಗಾಳಿಯಿಂದಲೇ ಬಿಸಿ ಎಳೆದು ಒಳಗೆ ತರುವ ಹೀಟ್ ಪಂಪ್ ಇರುವ ಕಾರು ಕಡಿಮೆ ಕರೆಂಟ್ ತಿನ್ನುತ್ತದೆ. ಆದರೆ ಚಳಿ ಏರಿದಷ್ಟೂ ಅದರ ಉಳಿತಾಯ ಕಡಿಮೆ. ಮನೆಯಲ್ಲಿ ಪ್ಲಗ್ ಹಾಕಿರುವಾಗಲೇ ಒಳಗೆ ಬಿಸಿ ಮಾಡಿಕೊಂಡು ಹೊರಡುವುದು ನಮ್ಮ ಅಭ್ಯಾಸ. ಮಗು ಕೂರುವಾಗಲೇ ಸೀಟು ಬೆಚ್ಚಗಿರುತ್ತದೆ.

ಎಡ್ಮಂಟನ್ ಧಾರವಾಡಿ · ಭಾನುವಾರ, ರಾತ್ರಿ 9:40

ಮುಗಿಯಿತು! ಈಗ ಮನೆಗೆ ಬಂದೆ. ಕೈಗೆಲ್ಲ ಕೂಲೆಂಟ್ ವಾಸನೆ.

ಗದಗಿನ ಗೆಳೆಯರೊಬ್ಬರ ಗ್ಯಾರೇಜಿಗೆ ಹೋದೆವು. ಹೊರಗಿನ ನಲ್ಲಿಯನ್ನು ಚಳಿಗೆ ಬಂದ್ ಮಾಡಿದ್ದರು. ಹಾಗಾಗಿ ಒಳಗಿನಿಂದ ಬಕೆಟ್‌ನಲ್ಲಿ ಬಿಸಿ ನೀರು ತಂದು, ಒಂದು ಮೀಟರ್ ಪಾರದರ್ಶಕ ಪೈಪಿಗೆ ಆಲಿಕೆ ಸಿಕ್ಕಿಸಿ, ಎತ್ತರ ಹಿಡಿದು ಚೊಂಬಿನಲ್ಲಿ ಸುರಿದೆವು. ಮೊದಲ ಚೊಂಬು ಆಲಿಕೆಯಲ್ಲೇ ನಿಂತಿತು, ಇಳಿಯಲೇ ಇಲ್ಲ. ಗೆಳೆಯ ಪೈಪನ್ನು ಎರಡು ಸಲ ಮೆಲ್ಲಗೆ ಹಿಚುಕಿದ. ಗೊಳಕ್ ಎಂದು ಒಮ್ಮೆಗೇ ಇಳಿಯಿತು. ಆಚೆ ಹೋಸಿನಿಂದ ಕೆಳಗಿನ ಬಿಳಿ ಬಕೆಟ್‌ಗೆ ಬಿದ್ದದ್ದು ಮೊದಲು ತಿಳಿ ಗುಲಾಬಿ, ಆಮೇಲೆ ಬೆಲ್ಲದ ಪಾಕದ ಬಣ್ಣ, ಆಮೇಲೆ ರಾಗಿ ಗಂಜಿಯ ಹಾಗೆ ಮಂದ. ಅದರಲ್ಲಿ ಸಾಸಿವೆ ಗಾತ್ರದ ತುಕ್ಕಿನ ಚಕ್ಕೆಗಳು. ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತಿದ್ದವು. 14 ಚೊಂಬು ಹಾಕಿದ ಮೇಲೆ ತಿಳಿ ನೀರು ಬಂತು. ಕೊನೆಗೆ ಚೊಂಬು ಸುರಿದ ಕೂಡಲೇ ಇಳಿದುಹೋಗುತ್ತಿತ್ತು.

ಕೂಲೆಂಟ್ ಎಲ್ಲಿ ಹೋಯಿತು ಎಂದೂ ಗೊತ್ತಾಯಿತು. ರೇಡಿಯೇಟರ್ ಮೇಲಿನ ಹೋಸಿನ ಕ್ಲಾಂಪ್ ಸುತ್ತ ಗುಲಾಬಿ ಬಣ್ಣದ ಒಣ ಕರೆ ಕಟ್ಟಿತ್ತು. ತಿರುಪು ಬೆರಳಲ್ಲೇ ತಿರುಗಿತು.

ಇಳಿದದ್ದು ಸರಿಯಾಗಿ 4 ಲೀಟರ್. ನಿಮ್ಮ ಲೆಕ್ಕದಂತೆಯೇ ತುಂಬಿದೆವು. ಮುಂದಿನ ಚಕ್ರ ರ‍್ಯಾಂಪ್ ಮೇಲೆ ಹತ್ತಿಸಿ, ಹಿಂಭಾಗ ಹೊರಗಿಟ್ಟು, 40 ನಿಮಿಷ ಓಡಿಸಿದೆವು. ಆಲಿಕೆಯಲ್ಲಿ ಗುಳ್ಳೆ ಬರುವುದು ನಿಂತ ಮೇಲೆ ಮುಚ್ಚಳ ಹಾಕಿದೆವು. ಬಲಗಡೆ ವೆಂಟಿಗೆ ಕೈ ಹಿಡಿದೆ, ಹಿಂದಕ್ಕೆಳೆದುಕೊಳ್ಳುವಷ್ಟು ಬಿಸಿ! ಥರ್ಮಾಮೀಟರ್‌ನಲ್ಲಿ ಎಡಗಡೆ 58, ಬಲಗಡೆ 55. ಹೋಸ್‌ಗಳು 86 ಮತ್ತು 77.

ಹೊಸ ಕ್ಲಾಂಪ್, ಕೂಲೆಂಟ್, ಡಿಸ್ಟಿಲ್ಡ್ ವಾಟರ್, ಪೈಪು ಎಲ್ಲ ಸೇರಿ 71 ಡಾಲರ್. ಸ್ಪ್ಯಾನರ್ ಅಣ್ಣ, ನಿಮಗೆ ಹೇಗೆ ಧನ್ಯವಾದ ಹೇಳಲಿ. ಹೆಂಡತಿ ಧಾರವಾಡ ಪೇಡ ಕಳಿಸುತ್ತೇನೆ, ವಿಳಾಸ ಕೇಳಿ ಎನ್ನುತ್ತಿದ್ದಾಳೆ.

ಮಿನೆಸೋಟದ ಮಲೆನಾಡು · ಭಾನುವಾರ, ರಾತ್ರಿ 10:15

ತುಂಬಾ ಸಂತೋಷವಾಯಿತು! ಒಂದೇ ಮಾತು, ಆ ಹಳೇ ಕೂಲೆಂಟ್ ಬಕೆಟ್ ಹಾಗೇ ಇಟ್ಟಿರಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ಮಕ್ಕಳಿರುವ ಮನೆ ಬೇರೆ. ಚರಂಡಿಗೂ ಸುರಿಯಬೇಡಿ.

ಎಡ್ಮಂಟನ್ ಧಾರವಾಡಿ · ಭಾನುವಾರ, ರಾತ್ರಿ 10:30

ಮುಚ್ಚಳ ಇರುವ ಕ್ಯಾನಿಗೆ ಹಾಕಿ ಹೆಸರು ಬರೆದು ಎತ್ತರದಲ್ಲಿ ಇಟ್ಟಿದ್ದೇವೆ ಅಕ್ಕ. ಇಲ್ಲಿ ನಗರಸಭೆಯ ಇಕೋ ಸ್ಟೇಷನ್ ಇದೆ, ಅಲ್ಲಿ ತೆಗೆದುಕೊಳ್ಳುತ್ತಾರೆ. ನೆಲದ ಮೇಲೆ ಚೆಲ್ಲಿದ್ದನ್ನೂ ಬಟ್ಟೆಯಲ್ಲಿ ಒರೆಸಿ ತೊಳೆದೆವು.

ಎಡ್ಮಂಟನ್ ಧಾರವಾಡಿ · ಬುಧವಾರ, ಸಂಜೆ 6:50

ಮೂರು ದಿನದ ವರದಿ. ಬೆಳಿಗ್ಗೆ ಮೈನಸ್ 29 ಇತ್ತು. ಎರಡೂ ಕಡೆ 22ರಲ್ಲಿ ಇಟ್ಟೆ. ಹತ್ತು ನಿಮಿಷ ಕಳೆದ ಮೇಲೆ ಬ್ಲೋವರ್ ತಾನೇ ಮೆಲ್ಲಗಾಯಿತು. ಅದು ಮೆಲ್ಲಗಾಗಿದ್ದನ್ನು ಕೇಳಿ ತಿಂಗಳೇ ಆಗಿತ್ತು. ಮಗಳು ಹಿಂದಿನಿಂದ, ಅಪ್ಪಾ ಕಂಬಳಿ ಬೇಡ, ಸೆಕೆ ಎಂದಳು.

ಒಂದು ಪ್ರಶ್ನೆ ಉಳಿದಿದೆ. ಇವತ್ತು ಬೆಳಿಗ್ಗೆ ಡಬ್ಬಿಯ ಮಟ್ಟ ಗೆರೆಯಿಂದ ಒಂದು ಸೆಂಟಿಮೀಟರ್ ಕೆಳಗಿತ್ತು. ಮತ್ತೆ ಸೋರುತ್ತಿದೆಯಾ?

ಹತ್ತು ಎಂಎಂ ಸ್ಪ್ಯಾನರ್ · ಬುಧವಾರ, ರಾತ್ರಿ 8:05

ಒಳಗೆ ಉಳಿದಿದ್ದ ಗಾಳಿ ಹೊರಬಂದು ಆ ಜಾಗಕ್ಕೆ ಕೂಲೆಂಟ್ ಹೋಗಿದೆ, ಮೊದಲ ಸಲ ಹಾಗಾಗುತ್ತದೆ. ಗೆರೆವರೆಗೆ ತುಂಬಿ ಟೇಪ್ ಅಂಟಿಸಿ ಗುರುತು ಮಾಡಿ. ದಿನಾ ಎಂಜಿನ್ ತಣ್ಣಗಿರುವಾಗಲೇ ನೋಡಿ. ಇನ್ನೊಮ್ಮೆ ಇಳಿದರೆ ಪ್ರೆಷರ್ ಟೆಸ್ಟ್ ಮಾಡಿಸಿ. ಬಲಗಡೆ ಕಾಲಡಿ ಕಾರ್ಪೆಟ್ ಒದ್ದೆಯಾ, ಗಾಜಿನ ಒಳಗೆ ಎಣ್ಣೆಯಂಥ ಮಬ್ಬು, ಸಿಹಿ ವಾಸನೆ ಇದೆಯಾ ನೋಡುತ್ತಿರಿ. ಹಾಗಿದ್ದರೆ ಕೋರ್ ಸೋರುತ್ತಿದೆ ಎಂದರ್ಥ. ಬೇಸಿಗೆ ಬಂದ ಮೇಲೆ ಎಂಜಿನ್ ಒಳಗೆ ಉಳಿದ ಹಳೆಯದನ್ನೂ ಪೂರ್ತಿ ತೆಗೆಸಿ ಹೊಸದು ಹಾಕಿಸಿ, ತುಕ್ಕು ಇನ್ನೂ ಅಲ್ಲಿ ಇರುತ್ತದೆ.

ಪೇಡ ಬೇಡ ಎನ್ನಲಾರೆ. ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ.

ಎಡ್ಮಂಟನ್ ಧಾರವಾಡಿ · ಭಾನುವಾರ, ಬೆಳಿಗ್ಗೆ 9:00

ನಾಲ್ಕು ದಿನ ಆಯಿತು ಅಣ್ಣ. ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದೆ. ಟೇಪ್ ಇದ್ದಲ್ಲೇ ಮಟ್ಟ ನಿಂತಿದೆ, ಕಾರ್ಪೆಟ್ ಒಣಗಿದೆ. ಪೇಡ ನಿನ್ನೆ ಪೋಸ್ಟ್ ಮಾಡಿದೆವು.